ನಕಲಿ ಆಡಿಯೋ ಕೇಬಲ್ ಕೊಳ್ಳಬಹುದೇ? ಒಂದು ಪ್ರಶ್ನೋತ್ತರ

ಪ್ರಶ್ನೆ: ನಮ್ಮೂರಿನ ಹವ್ಯಾಸಿ ಯಕ್ಷಗಾನ ಸಂಘಕ್ಕೆ ಸ್ವಂತ ಮೈಕ್ ಸೆಟ್ ಮಾಡಿಕೊಳ್ಳುತ್ತಿದ್ದೇವೆ. ತುದಿಯ ಪಿನ್ (ಕನೆಕ್ಟರ್) ಮೇಲೆ ನ್ಯೂಟ್ರಿಕ್ ಎಂದು ಅಚ್ಚಾದ ಹತ್ತು ಮೀಟರಿನ ಮೈಕ್ ಕೇಬಲ್ ಒಂದು ಅಂಗಡಿಯಲ್ಲಿ 350 ರೂಪಾಯಿಗೆ, ಇನ್ನೊಂದರಲ್ಲಿ 1,600 ರೂಪಾಯಿಗೆ ಸಿಗುತ್ತಿದೆ. ನೋಡಲು ಎರಡೂ ಒಂದೇ. ಮೊದಲನೆಯ ಅಂಗಡಿಯವರೇ ಇದು ನಕಲು, ಆದರೆ ಕೆಲಸಕ್ಕೆ ಏನೂ ತೊಂದರೆಯಿಲ್ಲ ಎಂದರು. ಹನ್ನೆರಡು ಕೇಬಲ್ ಬೇಕು. ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಹಾಗೆಂದು 1,600 ಕೊಡಲೇಬೇಕೆಂದೂ ಇಲ್ಲ. ಆ ದಾರಿಯನ್ನು ಆಮೇಲೆ ಹೇಳುತ್ತೇನೆ.

ಕುಂದಾಪುರದ ಕಡೆ ಇಪ್ಪತ್ತೆರಡು ವರ್ಷಗಳಿಂದ ಧ್ವನಿವರ್ಧಕದ ಕೆಲಸ ಮಾಡುತ್ತಿದ್ದೇನೆ. ಈ ಪ್ರಶ್ನೆ ಕೇಳುವ ಹೆಚ್ಚಿನವರು ಅಗ್ಗದ ಮಾಲನ್ನೂ ನಕಲಿ ಮಾಲನ್ನೂ ಒಂದೇ ಎಂದುಕೊಂಡಿರುತ್ತಾರೆ. ಅಗ್ಗದ ಕೇಬಲ್ ತನ್ನ ಹೆಸರಿನಲ್ಲೇ ಮಾರಾಟವಾಗುತ್ತದೆ, ಅದರ ಯೋಗ್ಯತೆ ಏನೆಂದು ನಾಲ್ಕು ದಿನ ಬಳಸಿದರೆ ತಿಳಿಯುತ್ತದೆ. ನಕಲಿಯದು ಬೇರೆ ಕಥೆ. ನ್ಯೂಟ್ರಿಕ್ ಲಿಕ್ಟನ್‌ಸ್ಟೈನ್ ಎಂಬ ಪುಟ್ಟ ದೇಶದ ಕಂಪನಿ, 1975ರಲ್ಲಿ ಆರಂಭವಾದದ್ದು. ಪಿನ್ ಎಂದರೆ ಅವರದ್ದೇ ಎನ್ನುವಷ್ಟು ಹೆಸರು ಗಳಿಸಿದ್ದಾರೆ. ಆ ಹೆಸರನ್ನು ಕದ್ದು ಹೊರಗೆ ಅಚ್ಚು ಹಾಕಿದವನು ಒಳಗಿನ ತಾಮ್ರದ ವಿಷಯದಲ್ಲಿ ಪ್ರಾಮಾಣಿಕನಾಗಿರುತ್ತಾನೆ ಎಂದು ನಾನಂತೂ ನಂಬುವುದಿಲ್ಲ.

ನಾನೇ ಒಮ್ಮೆ ನಂಬಿ ಕೆಟ್ಟಿದ್ದೇನೆ. ಬಯಲಾಟವೊಂದಕ್ಕೆ ಹೊಸದಾಗಿ ತಂದ ಆರು ಕೇಬಲ್‌ಗಳನ್ನು ರಂಗಸ್ಥಳದ ಮೇಲೆ ತೂಗುಬಿಟ್ಟ ಕಂಡೆನ್ಸರ್ ಮೈಕ್‌ಗಳಿಗೆ, ಅಂದರೆ ಮಿಕ್ಸರಿನಿಂದ ವಿದ್ಯುತ್ ಬೇಕಾದ ಮೈಕ್‌ಗಳಿಗೆ, ಹಾಕಿದ್ದೆ. ನಡುರಾತ್ರಿ ಕಳೆದಿತ್ತು. ಕೌರವನ ವೇಷ ಅರ್ಥ ಹೇಳುತ್ತಿದೆ, ತುಟಿ ಅಲುಗಾಡುತ್ತಿದೆ, ಮಾತು ಮಾತ್ರ ಗದ್ದೆಯಲ್ಲಿ ಕುಳಿತವರಿಗೆ ಕೇಳುತ್ತಿಲ್ಲ. ಭಾಗವತರ ಮೈಕ್ ಚೆನ್ನಾಗಿಯೇ ಇತ್ತು. ಮಿಕ್ಸರ್ ಕೆಟ್ಟಿತೆಂದು ಭಾವಿಸಿ ಹತ್ತು ನಿಮಿಷ ಅದನ್ನೇ ತಡಕಾಡಿದೆ. ಆ ಹಿರಿಯ ಕಲಾವಿದರು ಗಂಟಲು ಹರಿಯುವಂತೆ ಅರ್ಥ ಹೇಳಿದ್ದು ಈಗಲೂ ನೆನಪಾದರೆ ಸಂಕಟವಾಗುತ್ತದೆ.

ಬೆಳಿಗ್ಗೆ ಮನೆಗೆ ಬಂದು ಪಿನ್ ಬಿಚ್ಚಿದೆ. ಒಳಗಿನ ತಂತಿಗಳನ್ನು ಸುತ್ತುವರಿದು ಹೊರಗಿನ ಗದ್ದಲ ತಡೆಯಬೇಕಾದ ಶೀಲ್ಡ್ ಎಂದು ಇದ್ದದ್ದು ತಲೆಕೂದಲಿನಂಥ ಹತ್ತು ಹನ್ನೆರಡು ಎಳೆಗಳು. ಅದನ್ನು ಒಳಗಿನ ಮೂರು ಕಡ್ಡಿಗಳಲ್ಲಿ ಮೊದಲನೆಯದಕ್ಕೆ (ಒಂದನೇ ಪಿನ್ನಿಗೆ) ತಗುಲಿಸಿದ ಬೆಸುಗೆ ಉಗುರಿನಿಂದ ಎಬ್ಬಿಸಿದರೆ ಕಾಳಿನ ಹಾಗೆ ಕಳಚಿ ಬಂತು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ತಾಮ್ರದ ತೆಳು ಪೊರೆ ಇರುವವರೆಗೆ ಬೆಸುಗೆ ಹಿಡಿಯುತ್ತದೆ. ಬಿಸಿ ಜಾಸ್ತಿಯಾದರೆ ಆ ಪೊರೆ ಸೀಸ-ತವರದೊಳಗೆ ಕರಗಿಹೋಗುತ್ತದೆ, ಅಲ್ಯೂಮಿನಿಯಂ ಮೇಲೆ ಮಾಮೂಲು ಬೆಸುಗೆ ಕೂರುವುದಿಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಎರಡು ಲೋಹ ಕೂಡಿದ ಜಾಗದಲ್ಲಿ ಬಿಳಿ ಹುಡಿ ಏಳುವುದಕ್ಕೂ ಹೆಚ್ಚು ಕಾಲ ಬೇಕಿಲ್ಲ.

ಪ್ರಶ್ನೆ: ಶೀಲ್ಡ್ ಕಿತ್ತುಹೋದರೆ ಗುಂಯ್ ಎಂಬ ಸದ್ದು ಬರಬೇಕಲ್ಲವೇ? ಮೈಕ್ ಪೂರ್ತಿ ಸತ್ತದ್ದು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ. ಮೈಕ್ ಕೇಬಲ್ಲಿನ ಈ ಮೂರು ಕಡ್ಡಿಯ ಕ್ಯಾನನ್ ಪಿನ್ನಿನಲ್ಲಿ ಒಂದನೆಯದು ಶೀಲ್ಡ್. ಎರಡು ಮತ್ತು ಮೂರರಲ್ಲಿ ಒಂದೇ ಧ್ವನಿ ಸೀದಾ ಮತ್ತು ತಿರುಗುಮುರುಗಾಗಿ ಹರಿಯುತ್ತದೆ. ದಾರಿಯಲ್ಲಿ ಸೇರಿಕೊಂಡ ಗದ್ದಲ ಎರಡರಲ್ಲೂ ಒಂದೇ ರೀತಿ ಇರುವುದರಿಂದ ಮಿಕ್ಸರ್ ಎರಡರ ವ್ಯತ್ಯಾಸವನ್ನು ತೆಗೆದುಕೊಂಡಾಗ ಗದ್ದಲ ಅಳಿಯುತ್ತದೆ, ಧ್ವನಿ ಉಳಿಯುತ್ತದೆ. ಹೀಗಾಗಿ ಹೊರಗಿನ ವಿದ್ಯುತ್ ಬೇಡದ ಡೈನಾಮಿಕ್ ಮೈಕ್ ಶೀಲ್ಡ್ ಇಲ್ಲದೆಯೂ ಒಂದಿಷ್ಟು ಗುಂಯ್‌ಗುಡುತ್ತ ಮಾತನಾಡುತ್ತದೆ. ಕಂಡೆನ್ಸರ್ ಮೈಕ್‌ಗೆ ಬೇಕಾದ 48 ವೋಲ್ಟ್ ಮಿಕ್ಸರಿನಿಂದ ಎರಡು ಮತ್ತು ಮೂರನೇ ಪಿನ್ನಿನಲ್ಲಿ ಹೋಗಿ ಒಂದನೇ ಪಿನ್ನಿನಲ್ಲಿ ವಾಪಸ್ಸು ಬರಬೇಕು. ಆ ವಾಪಸ್ಸು ದಾರಿ ಕಡಿದರೆ ಮೈಕ್ ಉಪವಾಸ. ಭಾಗವತರದ್ದು ಡೈನಾಮಿಕ್, ಅದಕ್ಕೆ ಈ ವೋಲ್ಟ್ ಬೇಕಿರಲಿಲ್ಲ.

ಪ್ರಶ್ನೆ: ಸ್ಪೀಕರ್ ವೈರಿನಲ್ಲಿ ಇಷ್ಟೆಲ್ಲ ನಾಜೂಕು ಇಲ್ಲವಲ್ಲ. ಅಲ್ಲಿ ನಕಲಿ ಹಾಕಿದರೆ ಏನು ನಷ್ಟ?

ಉತ್ತರ: ಅಲ್ಲಿ ನಷ್ಟವನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಆಂಪ್ಲಿಫೈಯರಿನಿಂದ ಇಪ್ಪತ್ತು ಮೀಟರ್ ದೂರದಲ್ಲಿ 4 ಓಮ್ ಸ್ಪೀಕರ್ ಇದೆ ಎನ್ನಿ. ಹೋಗಿಬರುವ ತಂತಿ ಒಟ್ಟು 40 ಮೀಟರ್. ನಿಜವಾದ 2.5 ಚದರ ಮಿಲಿಮೀಟರ್ ತಾಮ್ರವಾದರೆ ಅದರ ಪ್ರತಿರೋಧ ಸುಮಾರು 0.28 ಓಮ್. ಪೂರ್ತಿ 200 ವಾಟ್ ಹೋಗಬೇಕಾದಲ್ಲಿ ಸುಮಾರು 175 ವಾಟ್ ಸ್ಪೀಕರಿಗೆ ತಲುಪುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಗೆ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು ಪ್ರತಿರೋಧ. ಅದಕ್ಕೆ ಜೊತೆಯಾಗಿ 2.5 ಎಂದು ಬರೆದು ಒಳಗೆ ಒಂದೇ ಚದರ ಮಿಲಿಮೀಟರ್ ಇಟ್ಟಿರುತ್ತಾರೆ. ನಾನು ಕತ್ತರಿಸಿ ನೋಡಿದ ನಕಲಿಗಳಲ್ಲಿ ಇದು ಸಾಮಾನ್ಯ. ಆಗ ಪ್ರತಿರೋಧ 1.1 ಓಮ್ ಆಗುತ್ತದೆ. ಸ್ಪೀಕರಿಗೆ ಸಿಗುವುದು 125 ವಾಟ್ ಆಸುಪಾಸು, ಮೂವತ್ತಕ್ಕೂ ಹೆಚ್ಚು ವಾಟ್ ತಂತಿಯನ್ನು ಬಿಸಿಮಾಡಲು ಖರ್ಚು. ದೊಡ್ಡ ಆಂಪ್ಲಿಫೈಯರಿಗೆ ದುಡ್ಡು ಸುರಿದು ಅದನ್ನು ತಂತಿಯಲ್ಲಿ ಕಳೆದುಕೊಳ್ಳುವುದು ಯಾವ ಉಳಿತಾಯ?

ಅಂಗಡಿಯಲ್ಲೇ ಪರೀಕ್ಷಿಸುವ ಒಂದು ಉಪಾಯವಿದೆ. ತಾಮ್ರ ಭಾರದ ಲೋಹ. 2.5ರ ಎರಡೆಳೆಯ ನೂರು ಮೀಟರ್ ಸುರುಳಿಯಲ್ಲಿ ತಾಮ್ರವೇ ನಾಲ್ಕೂವರೆ ಕಿಲೋ ಹತ್ತಿರ ಇರಬೇಕು, ಪ್ಲಾಸ್ಟಿಕ್ ಬೇರೆ. ಇಡೀ ಸುರುಳಿಯೇ ಮೂರು ಕಿಲೋ ತೂಗಿದರೆ ಮಾತಿಲ್ಲದೆ ಹಿಂದಿರುಗಿ ಬನ್ನಿ. ಆಡಿಯೋ ಎಂಬ ಹೆಸರಿನ ವೈರನ್ನೇ ಹುಡುಕಬೇಕಾಗಿಯೂ ಇಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಐಎಸ್ 694 ಎಂಬ ಸಂಖ್ಯೆ, ಐಎಸ್ಐ ಗುರುತು ಇರುವ ತಾಮ್ರದ ಫ್ಲೆಕ್ಸಿಬಲ್ ವೈರ್ ಸಿಗುತ್ತದೆ. ನನ್ನ ಸ್ಪೀಕರ್‌ಗಳೆಲ್ಲ ಅದರಲ್ಲೇ ಓಡುತ್ತಿವೆ.

ಪ್ರಶ್ನೆ: ನಾನು ಪಿಟೀಲು ನುಡಿಸುತ್ತೇನೆ. ವಾದ್ಯಕ್ಕೆ ಅಂಟಿಸಿದ ಪಿಕಪ್‌ನಿಂದ (ನಾದವನ್ನು ವಿದ್ಯುತ್ತಾಗಿಸುವ ಸಾಧನ) ಹೋಗುವ ಪಿ-38, ಅಂದರೆ ಕಾಲಿಂಚಿನ ಪಿನ್ನಿನ ಕೇಬಲ್ ನೆಲಕ್ಕೆ ತಾಗಿದಾಗ, ಕಾಲು ಸೋಕಿದಾಗ ಟಪ್ ಟಪ್ ಎಂದು ಸ್ಪೀಕರಿನಲ್ಲಿ ಕೇಳುತ್ತದೆ. ಪಿಕಪ್ ಹಾಳಾಗಿದೆಯೇ?

ಉತ್ತರ: ಪಿಕಪ್ ಬಿಚ್ಚಲು ಹೋಗಬೇಡಿ, ಮೊದಲು ಕೇಬಲ್ ಬದಲಿಸಿ ನೋಡಿ. ತಂತಿ ಬಾಗಿದಾಗ ಒಳಗಿನ ಪ್ಲಾಸ್ಟಿಕ್ಕೂ ಶೀಲ್ಡೂ ಉಜ್ಜಿಕೊಂಡು ಕಿರು ವಿದ್ಯುತ್ ಹುಟ್ಟುತ್ತದೆ, ಬಲೂನನ್ನು ಕೂದಲಿಗೆ ಉಜ್ಜಿದ ಹಾಗೆ. ಕಂಪನದಿಂದ ವಿದ್ಯುತ್ ಹುಟ್ಟಿಸುವ ಪೀಜೋ ಪಿಕಪ್‌ಗಳ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಬಹಳ ಹೆಚ್ಚಾಗಿರುವುದರಿಂದ ಅದು ಪೂರ್ತಿಯಾಗಿ ಕೇಳಿಸುತ್ತದೆ. ಒಳ್ಳೆಯ ವಾದ್ಯದ ಕೇಬಲ್‌ಗಳಲ್ಲಿ ಶೀಲ್ಡಿನ ಕೆಳಗೆ ವಿದ್ಯುತ್ ಹರಿಯಬಲ್ಲ ಕಪ್ಪು ಪ್ಲಾಸ್ಟಿಕ್ಕಿನ ಇನ್ನೊಂದು ಪದರವಿದ್ದು ಆ ವಿದ್ಯುತ್ತನ್ನು ಅಲ್ಲಲ್ಲೇ ಸಾಗಹಾಕುತ್ತದೆ. ನಕಲು ಮಾಡುವವರು ಮೊದಲು ಬಿಟ್ಟುಬಿಡುವುದೇ ಈ ಪದರವನ್ನು, ಹೊರಗಿನಿಂದ ಯಾರಿಗೂ ಕಾಣುವುದಿಲ್ಲವಲ್ಲ. ನೀವೇ ಬೆಸುಗೆ ಹಾಕುವುದಾದರೆ ತುದಿಯಲ್ಲಿ ಆ ಕಪ್ಪು ಪದರವನ್ನು ಚೆನ್ನಾಗಿ ಹಿಂದಕ್ಕೆ ಸುಲಿಯಿರಿ. ಅದು ನಡುವಿನ ತಂತಿಗೆ ತಾಗಿದರೆ ನಾದವೇ ಕ್ಷೀಣಿಸುತ್ತದೆ.

ಪ್ರಶ್ನೆ: ಮನೆಯಲ್ಲಿ ಹಾಡು ಕೇಳಲು ಸಾವಿರಾರು ರೂಪಾಯಿಯ ಸ್ಪೀಕರ್ ಕೇಬಲ್ ಹಾಕಿ ಎನ್ನುತ್ತಾರೆ. ನಿಮ್ಮ ಮಾತು ಕೇಳಿದರೆ ಅದನ್ನೇ ಕೊಳ್ಳಬೇಕು ಅನಿಸುತ್ತಿದೆ.

ಉತ್ತರ: ದಯವಿಟ್ಟು ಬೇಡ. ಎರಡು ಮೀಟರ್ ದೂರಕ್ಕೆ 1.5ರ ತಾಮ್ರದ ವೈರ್ ಹಾಕಿದರೆ ಪ್ರತಿರೋಧ 0.05 ಓಮ್ ಕೂಡ ಇರುವುದಿಲ್ಲ. 8 ಓಮ್ ಸ್ಪೀಕರಿನ ಮುಂದೆ ಅದು ಲೆಕ್ಕಕ್ಕಿಲ್ಲ. ಎಚ್‌ಡಿಎಂಐ ಥರದ ಡಿಜಿಟಲ್ ಕೇಬಲ್ ಕೂಡ ಅಷ್ಟೇ: ಮಾಹಿತಿ ಸರಿಯಾಗಿ ತಲುಪಿತೆಂದರೆ ದುಬಾರಿ ತಂತಿ ಅದನ್ನು ಇನ್ನಷ್ಟು ಇಂಪು ಮಾಡಲಾರದು. ಉಳಿದ ಹಣವನ್ನು ಸ್ಪೀಕರಿಗೆ ಹಾಕಿ.

ಪ್ರಶ್ನೆ (ಮೊದಲು ಕೇಳಿದವರಿಂದ): ಹಾಗಾದರೆ ನಮ್ಮ ಹನ್ನೆರಡು ಕೇಬಲ್‌ಗೆ ದಾರಿ ಯಾವುದು? ಸಂಘದ ಹತ್ತಿರ ಹೆಚ್ಚು ಹಣವಿಲ್ಲ.

ಉತ್ತರ: ಪಿನ್ ಬೇರೆ, ವೈರ್ ಬೇರೆ ಕೊಂಡು ನೀವೇ ಜೋಡಿಸಿ. ನ್ಯೂಟ್ರಿಕ್‌ನವರದೇ ರಿಯಾನ್ ಎಂಬ ಕಡಿಮೆ ಬೆಲೆಯ ಪಿನ್‌ಗಳಿವೆ, ಸಂಘದ ಬಳಕೆಗೆ ಧಾರಾಳವಾಗಿ ಸಾಕು. ವೈರನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳುವಾಗ ಒಂದು ಗೇಣು ಕತ್ತರಿಸಿಕೊಟ್ಟು ನೋಡಲು ಬಿಡುವ ಅಂಗಡಿಯಲ್ಲೇ ಕೊಳ್ಳಿ. ಶೀಲ್ಡ್ ತಾಮ್ರದ ಹೆಣಿಗೆಯಾಗಿರಲಿ ಅಥವಾ ಒತ್ತಾಗಿ ಸುತ್ತಿದ್ದಾಗಿರಲಿ. ಬೇಗಡೆಯಂಥ ಹಾಳೆ ಸುತ್ತಿದ್ದು ಗೋಡೆಯೊಳಗೆ ಒಮ್ಮೆ ಹಾಕಿ ಬಿಡುವುದಕ್ಕೆ ಸರಿ, ದಿನವೂ ಸುತ್ತಿ ಬಿಚ್ಚುವ ರಂಗಸ್ಥಳದ ಕೇಬಲ್ಲಿನಲ್ಲಿ ಅದು ಬಿರಿಯುತ್ತದೆ. ಬ್ಲೇಡಿನಿಂದ ಕೆರೆದು ನೋಡಲು ಸಂಕೋಚ ಬೇಡ.

ಬೆಸುಗೆ ಹಾಕುವಾಗ ನಕಲಿ ಪಿನ್ ಇನ್ನೊಂದು ಗುಟ್ಟು ಬಿಟ್ಟುಕೊಡುತ್ತದೆ. ಕಾವು ತಾಗಿದೊಡನೆ ಅದರ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ ಓರೆಯಾಗುತ್ತದೆ. ಆಮೇಲೆ ಮೈಕ್‌ಗೆ ತುರುಕಿದರೆ ಮೈಕ್‌ನ ಪಿನ್ನನ್ನೇ ಬಗ್ಗಿಸುತ್ತದೆ. ನಾಲ್ಕು ಸಾವಿರದ ಮೈಕ್ ಹೀಗೆ ಹಾಳಾಗಿ ನನ್ನ ಮೇಜಿಗೆ ಬಂದಿದೆ.

ಒಂದು ಮಾತು: ವೈರನ್ನು ಪಿನ್ನಿನ ಹಿಂಬದಿಯ ಹಿಡಿಕೆ ಬಿಗಿಯಾಗಿ ಕಚ್ಚಬೇಕು, ಎಳೆತದ ಭಾರ ಬೆಸುಗೆಯ ಮೇಲೆ ಬೀಳಬಾರದು. ಜೋಡಿಸಿದ ಮೇಲೆ ಮಲ್ಟಿಮೀಟರಿನಲ್ಲಿ ಮೂರೂ ಪಿನ್ ನೋಡಿ, ನೋಡುತ್ತಲೇ ಎರಡೂ ತುದಿಯಲ್ಲಿ ಕೇಬಲ್ಲನ್ನು ಅಲುಗಾಡಿಸಿ. ಸುಮ್ಮನಿದ್ದಾಗ ಸರಿಯಿದ್ದು ಅಲುಗಿದಾಗ ಕಡಿಯುವುದೇ ಹೆಚ್ಚು.

ಪ್ರಶ್ನೆ: ಈಗಾಗಲೇ ಕೊಂಡ ನಕಲಿ ಕೇಬಲ್‌ಗಳು ಆರೇಳು ಇವೆ. ಎಸೆಯಬೇಕೇ?

ಉತ್ತರ: ಎಸೆಯಬೇಡಿ. ತುದಿಗೆ ಕೆಂಪು ಟೇಪ್ ಸುತ್ತಿ ಬೇರೆ ಚೀಲದಲ್ಲಿಡಿ. ಮಿಕ್ಸರಿನ ಹಿಂದೆ ಅಲುಗಾಡದೆ ಬಿದ್ದಿರುವ ಎರಡು ಮೀಟರಿನ ಜೋಡಣೆಗೆ, ತಾಲೀಮಿನ ಮೈಕ್‌ಗೆ ಬಳಸಿಕೊಳ್ಳಿ. ಸ್ಪೀಕರಿಗೆ, ಕಂಡೆನ್ಸರ್ ಮೈಕ್‌ಗೆ ಮುಟ್ಟಿಸಬೇಡಿ. ಬೆಸುಗೆ ಕಲಿಯುವವರು ಅವುಗಳ ತುದಿ ಕತ್ತರಿಸಿಯೇ ಕೈ ಪಳಗಿಸಿಕೊಳ್ಳಲಿ.

ಸಂಘದವರು ಆತುರದಲ್ಲಿ ಇಲ್ಲವಾದರೆ ಮೇ ಕೊನೆಯ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವವರೆಗೆ ತಡೆಯಿರಿ. ಮಳೆಗಾಲದಲ್ಲಿ ನನಗೂ ಬಿಡುವು, ನನ್ನ ಕೇಬಲ್‌ಗಳನ್ನೆಲ್ಲ ಬಿಚ್ಚಿ ಒರೆಸಿ ಪರೀಕ್ಷಿಸುವ ಕಾಲವೂ ಅದೇ. ವೈರ್ ಮತ್ತು ಇಪ್ಪತ್ತನಾಲ್ಕು ಪಿನ್ ಹಿಡಿದು ಒಂದು ಭಾನುವಾರ ಇಬ್ಬರು ಬನ್ನಿ. ಮೊದಲ ನಾಲ್ಕು ಕೇಬಲ್ ನಾನು ಮಾಡಿ ತೋರಿಸುತ್ತೇನೆ, ಉಳಿದ ಎಂಟು ನೀವು ಮಾಡಿ.