ಏಳು ದಿನದಲ್ಲಿ ಶ್ರೀಲಂಕಾ ಸುತ್ತು: ಏಜೆಂಟ್ ಕೊಟ್ಟ ಈ ಪಟ್ಟಿ ಆಗುವ ಮಾತೇ?

ಕೊಡಚಾದ್ರಿ_ಗಾಳಿ ಕೇಳಿದ್ದು:

ಫೆಬ್ರವರಿ ಎರಡನೇ ವಾರ ಬೆಂಗಳೂರಿನಿಂದ ಆರು ಮಂದಿ. ಇಬ್ಬರು 65 ದಾಟಿದವರು, ಒಬ್ಬರಿಗೆ ಮಂಡಿನೋವು. ನಾಲ್ವರು ಶುದ್ಧ ಸಸ್ಯಾಹಾರಿಗಳು. ವ್ಯಾನು, ಚಾಲಕನೇ ಗೈಡು. ಪಟ್ಟಿ ಹೀಗಿದೆ: ಕಟುನಾಯಕ ವಿಮಾನ ನಿಲ್ದಾಣ, ಅನುರಾಧಪುರ, ಜಾಫ್ನಾ, ಟ್ರಿಂಕೋಮಲಿ, ಸಿಗಿರಿಯಾ, ಕ್ಯಾಂಡಿ, ನುವಾರ ಎಲಿಯ, ಎಲ್ಲ, ಯಾಲ, ಗಾಲೆ, ಕೊಲಂಬೊ. ಆರು ರಾತ್ರಿ, ಏಳು ಹಗಲು. ಏನನ್ನು ಬಿಡಬೇಕು? ಏಜೆಂಟ್ ಹತ್ತಿರ ಏನೇನು ಬರೆಸಿಕೊಳ್ಳಬೇಕು?

---

ಘಾಟಿ_ತಿರುವು:

ಎಲ್ಲ ಎಂಬ ಊರೊಂದೇ ಅಲ್ಲ, ಎಲ್ಲ ಊರನ್ನೂ ಹಾಕಿಬಿಟ್ಟಿದ್ದಾರೆ! ನಕ್ಷೆಯಲ್ಲಿ ದೇಶ ಕರ್ನಾಟಕದ ಮೂರನೇ ಒಂದು ಪಾಲು, ಹಾಗಾಗಿ ಎಲ್ಲರೂ ಮೋಸಹೋಗುತ್ತಾರೆ. ಅಲ್ಲಿ ಕಿಲೋಮೀಟರ್ ಎಣಿಸಬೇಡಿ, ಗಂಟೆ ಎಣಿಸಿ. ಎಕ್ಸ್‌ಪ್ರೆಸ್‌ವೇ ಬಿಟ್ಟರೆ ಬಯಲಿನಲ್ಲಿ ಗಂಟೆಗೆ 40 ಕಿ.ಮೀ. ಸಾಗಿದರೆ ಪುಣ್ಯ, ಬೆಟ್ಟದಲ್ಲಿ 25–30. ಕ್ಯಾಂಡಿಯಿಂದ ನುವಾರ ಎಲಿಯ ಬರೀ 77 ಕಿ.ಮೀ., ಆದರೆ ಮೂರು ಗಂಟೆ ಹಿಡಿದುಕೊಳ್ಳಿ. ಕೊಲಂಬೊದಿಂದ ಜಾಫ್ನಾ ಸುಮಾರು 400 ಕಿ.ಮೀ.; ಅದೊಂದೇ ಹೋಗಿ ಬರಲು ಎರಡು ಹಗಲು ಬೇಕು. ಜಾಫ್ನಾ, ಟ್ರಿಂಕೋ, ಅನುರಾಧಪುರ ಮೂರನ್ನೂ ತೆಗೆಯಿರಿ. ಟ್ರಿಂಕೋ ಕಡೆಯ ಕಡಲಿಗೆ ಒಳ್ಳೆಯ ಕಾಲ ಏಪ್ರಿಲ್‌ನಿಂದ ಸೆಪ್ಟೆಂಬರ್, ಫೆಬ್ರವರಿಯಲ್ಲ. ಅಲ್ಲಿನ ಶಿವನ ಗುಡಿ ಕೋಣೇಶ್ವರ ನೋಡಲೇಬೇಕೆಂದರೆ ಅದಕ್ಕೆ ಬೇರೆಯೇ ಪ್ರವಾಸ ಮಾಡಿ.

ಉಳಿದದ್ದು ದ್ವೀಪದ ದಕ್ಷಿಣಾರ್ಧದ ಸುತ್ತು. ಮೊದಲ ದಿನ ಇಳಿದವರೇ ಕುರುಣೆಗಲ ದಾರಿಯಲ್ಲಿ ಬಂಡೆಕೋಟೆಯ ಸಿಗಿರಿಯಾ, 150 ಕಿ.ಮೀ., ನಾಲ್ಕು ಗಂಟೆ. ವಿಮಾನ ಮಧ್ಯಾಹ್ನದೊಳಗೆ ಇಳಿಯುವಂತಿರಲಿ. ಹಬರಣ–ಸಿಗಿರಿಯಾ ಸುತ್ತ ಸಂಜೆ ಕಾಡಾನೆ ರಸ್ತೆಗೆ ಬರುತ್ತವೆ. ಅಲ್ಲಿ ಎರಡು ರಾತ್ರಿ. ಮೂರನೇ ದಿನ ದಂಬುಲ್ಲದ ಬುದ್ಧನ ಗುಹಾದೇವಾಲಯ ಮುಗಿಸಿ ಕ್ಯಾಂಡಿ, ಸಂಜೆ 6.30ಕ್ಕೆ ಬುದ್ಧನ ಹಲ್ಲಿನ ಗುಡಿ ದಳದಾ ಮಾಳಿಗಾವದ ಪೂಜೆ. ನಾಲ್ಕನೇ ದಿನ ರಂಬೊಡ ಘಾಟಿ ಹತ್ತಿ ನುವಾರ ಎಲಿಯ. ಐದನೇ ದಿನ ಸೀತಾ ಎಲಿಯದ ಸೀತಮ್ಮನ ಗುಡಿ ನೋಡಿಕೊಂಡು ಎಲ್ಲ. ಆರನೇ ದಿನ ವೆಲ್ಲವಾಯ ಇಳಿದು, ಹಂಬಂತೋಟ ಕಡೆಯಿಂದ ಎಕ್ಸ್‌ಪ್ರೆಸ್‌ವೇ ಹಿಡಿದು ಗಾಲೆ. ಏಳನೇ ದಿನ ಕೋಟೆ ಸುತ್ತಿ ಎಕ್ಸ್‌ಪ್ರೆಸ್‌ವೇಯಲ್ಲೇ ವಿಮಾನ ನಿಲ್ದಾಣ, ಸುಮಾರು 150 ಕಿ.ಮೀ., ಎರಡೂವರೆ ಗಂಟೆ.

ಯಾಲ ಬಿಟ್ಟದ್ದು ಮರೆತಲ್ಲ. ಚಿರತೆ ಕಾಣುವ ಆಸೆಯಿದ್ದರೆ ಹಿಂದಿನ ರಾತ್ರಿ ತಿಸ್ಸಮಹಾರಾಮದಲ್ಲಿ ಮಲಗಿ ನಸುಕಿನ 5 ಗಂಟೆಗೆ ಜೀಪ್ ಹತ್ತಬೇಕು. ನಡುವೆ ದಾರಿಯಲ್ಲಿ ಸಿಕ್ಕಿಸಿಕೊಳ್ಳುವ ಮಧ್ಯಾಹ್ನದ ಸಫಾರಿಯಲ್ಲಿ ಧೂಳು, ಜೀಪುಗಳ ಸಾಲು, ಆಮೇಲೆ ಕತ್ತಲ ಪಯಣ. ಗಾಲೆ ಬೇಕೋ ಯಾಲ ಬೇಕೋ, ಒಂದೇ ಆರಿಸಿ. ಹಿರಿಯರಿದ್ದಾರೆ ಅಂದರೆ ಗಾಲೆಯೇ ಸರಿ.

---

ಮೀಟರ್_ಶೂನ್ಯ:

ಬರೆಸಿಕೊಳ್ಳುವ ವಿಷಯಕ್ಕೆ ಬರೋಣ. ಜಗಳವೆಲ್ಲ ಹುಟ್ಟುವುದು ಇಲ್ಲೇ.

ಚಾಲಕ ಬೇರೆ, ಚಾಲಕ-ಗೈಡ್ ಬೇರೆ. ಎರಡನೆಯವರಿಗೆ ಶ್ರೀಲಂಕಾ ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರದ ಪರವಾನಗಿ ಇರುತ್ತದೆ. ಅದರ ಫೋಟೋ ಮೊದಲೇ ತರಿಸಿಕೊಳ್ಳಿ. ಇಂಗ್ಲಿಷ್ ಬರುತ್ತದೆ ಎಂದ ಮಾತ್ರಕ್ಕೆ ಗೈಡ್ ಆಗುವುದಿಲ್ಲ.

ಬಾಡಿಗೆಯೊಳಗೆ ಇಂಧನ, ಟೋಲ್, ಪಾರ್ಕಿಂಗ್, ಚಾಲಕನ ಊಟ-ವಸತಿ ಸೇರಿವೆಯೇ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ಚಾಲಕನಿಗೆ ಕೋಣೆ ಕೊಡುವ ಹೋಟೆಲುಗಳು ಅಲ್ಲಿ ಬಹಳ, ಆದರೆ ನೀವೇ ಮನೆಯಂಥ ಹೋಂಸ್ಟೇ ಬುಕ್ ಮಾಡಿದರೆ ಇರಲಿಕ್ಕಿಲ್ಲ. ಆ ರಾತ್ರಿ ಅವರು ವ್ಯಾನಿನಲ್ಲೇ ಮಲಗಿದರೆ ಮರುದಿನ ಘಾಟಿಯಲ್ಲಿ ತೂಕಡಿಸುವವರು ಯಾರೆಂದು ಯೋಚಿಸಿ. ದಿನಕ್ಕೆ 100 ಕಿ.ಮೀ. ಎಂಬ ಮಿತಿ ಹಾಕುವವರು ಹೆಚ್ಚು. ಮೇಲಿನ ಸುತ್ತು ಊರೊಳಗಿನ ಓಡಾಟ ಸೇರಿ 750–800 ಕಿ.ಮೀ. ಆಗುತ್ತದೆ, ಅಂದರೆ ಏಳು ದಿನದ 700 ದಾಟುತ್ತದೆ. ಮಿತಿಯನ್ನು ದಿನದ ಲೆಕ್ಕದಲ್ಲಿ ಬೇಡ, ಇಡೀ ಪ್ರವಾಸದ ಒಟ್ಟು ಲೆಕ್ಕದಲ್ಲಿ ಬರೆಸಿ.

ನೋಡುವ ಜಾಗಗಳ ಟಿಕೆಟ್ ಸಾಮಾನ್ಯವಾಗಿ ಬೇರೆ, ಮತ್ತು ದುಬಾರಿ. ಸಿಗಿರಿಯಾದಂಥ ಕಡೆ ಸಾರ್ಕ್ ದೇಶದವರಿಗೆ ಕಡಿಮೆ ದರವಿದೆ, ಆದರೆ ಪಾಸ್‌ಪೋರ್ಟ್ ತೋರಿಸಬೇಕು. ಅದನ್ನು ಹೋಟೆಲಿನಲ್ಲಿ ಬಿಟ್ಟು ಹೋದವರು ಪೂರ್ತಿ ದರ ಕಟ್ಟುತ್ತಾರೆ.

ಇನ್ನು ಕಮಿಷನ್ ಅಂಗಡಿ: ಮಾತಳೆಯ ಮಸಾಲೆ ತೋಟ, ರತ್ನದ ಮಳಿಗೆ, ಬಾಟಿಕ್, ಮರಗೆತ್ತನೆ. ಒಂದೊಂದಕ್ಕೂ ಒಂದು ಗಂಟೆ ಹೋಗುತ್ತದೆ. ‘ನಾವು ಕೇಳದೆ ಅಂಗಡಿ ಬೇಡ’ ಎಂದು ಒಪ್ಪಂದದಲ್ಲೇ ಇರಲಿ, ಮೊದಲ ದಿನ ನಗುತ್ತಲೇ ಇನ್ನೊಮ್ಮೆ ಹೇಳಿ. ಒಂದು ಚಹಾ ಕಾರ್ಖಾನೆ ಮಾತ್ರ ಬಿಡಬೇಡಿ, ಅದು ನಿಜಕ್ಕೂ ನೋಡುವಂಥದ್ದು.

ಆರು ಜನಕ್ಕೆ, ಆರು ದೊಡ್ಡ ಪೆಟ್ಟಿಗೆಗೆ, ಕೆಡಿಎಚ್ (ಟೊಯೋಟಾ ಹೈಏಸ್) ಹೈ-ರೂಫ್, ಅಂದರೆ ಎತ್ತರದ ಚಾವಣಿಯ, ವ್ಯಾನ್ ಕೇಳಿ. ಚಿಕ್ಕ ವ್ಯಾನ್ ಕಳಿಸಿದರೆ ಹಿಂದಿನ ಸೀಟೇ ಲಗೇಜ್ ಗೂಡು. ಮಂಡಿನೋವಿನವರಿಗೆ ಹತ್ತುವ ಮೆಟ್ಟಿಲು ಎತ್ತರ, ಒಂದು ಪುಟ್ಟ ಪ್ಲಾಸ್ಟಿಕ್ ಸ್ಟೂಲ್ ಇಡಿಸಿಕೊಳ್ಳಿ.

---

ಒತ್ತುಶಾವಿಗೆ:

ಊಟದ ಬಗ್ಗೆ ಯಾರೂ ಹೇಳಲಿಲ್ಲ. ‘ವೆಜ್’ ಎಂದರೆ ಸಾಲದು. ಅಲ್ಲಿನ ಉಂಬಲಕಡ ಎಂಬುದು ಒಣಗಿಸಿ ಪುಡಿ ಮಾಡಿದ ಮೀನು. ತೆಂಗಿನ ಚಟ್ನಿಯಂತೆ ಕಾಣುವ ಪೊಲ್ ಸಂಬೋಲ, ತರಕಾರಿ ಪಲ್ಯ ಎಲ್ಲಕ್ಕೂ ಬೀಳಬಹುದು. ಮಾಡುವವರಿಗೆ ಅದು ಮೀನಲ್ಲ, ಒಗ್ಗರಣೆ! ಮೋಸ ಮಾಡುವ ಉದ್ದೇಶ ಇರುವುದಿಲ್ಲ. ಹೀಗೆ ಹೇಳಿ: ‘ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ’. ಮಾಂಸ ಬೇಡ, ಮೀನು ಬೇಡ, ಆ ಪುಡಿಯೂ ಬೇಡ ಎಂದರ್ಥ.

ನಿಶ್ಚಿಂತೆ ಬೇಕೆಂದರೆ ತಮಿಳರ ‘ಸೈವ’, ಅಂದರೆ ಶುದ್ಧ ಸಸ್ಯಾಹಾರಿ, ಹೋಟೆಲು ಹುಡುಕಿ. ಕ್ಯಾಂಡಿ, ನುವಾರ ಎಲಿಯಗಳಲ್ಲಿ ಸಿಗುತ್ತವೆ. ಬೆಳಗಿನ ಇಂಡಿಯಾಪ್ಪ ನಮ್ಮ ಒತ್ತುಶಾವಿಗೆಯೇ, ಜೊತೆಗೆ ತೆಂಗಿನಹಾಲಿನ ಪರಿಪ್ಪು (ಬೇಳೆ ಸಾರು). ಕಷ್ಟವಾಗುವುದು ಗಾಲೆಯ ಕಡಲಬದಿಯಲ್ಲಿ. ಆ ರಾತ್ರಿಯ ಊಟವನ್ನು ಹೋಟೆಲಿಗೆ ಬೆಳಿಗ್ಗೆಯೇ ಫೋನ್ ಮಾಡಿಸಿ ಹೇಳಿಡಿ.

---

ಕೊಡಚಾದ್ರಿ_ಗಾಳಿ:

ಜಾಫ್ನಾ, ಟ್ರಿಂಕೋ, ಯಾಲ ತೆಗೆಸಿದೆ. ಎರಡೇ ಪ್ರಶ್ನೆ: ಮಂಡಿನೋವಿನವರು ಸಿಗಿರಿಯಾದಲ್ಲಿ ಏನು ಮಾಡಬೇಕು? ನುವಾರ ಎಲಿಯದಿಂದ ಎಲ್ಲಕ್ಕೆ ರೈಲು ಹೇಗೆ?

---

ಘಾಟಿ_ತಿರುವು:

ಸಿಗಿರಿಯಾ ಸುಮಾರು 1,200 ಮೆಟ್ಟಿಲು, ಕೊನೆಯ ಪಾಲು ಬಂಡೆಗೆ ಬಡಿದ ಕಬ್ಬಿಣದ ಏಣಿಮೆಟ್ಟಿಲು. ಮೇಲೆ ಹೋಗುವವರು ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. 10ರ ನಂತರ ಬಂಡೆ ಕಾಯುತ್ತದೆ, ಜನ ಸಾಲುಗಟ್ಟಿ ಮಧ್ಯದಲ್ಲಿ ತಿರುಗಿ ಬರಲೂ ಜಾಗವಿಲ್ಲ. ಅಲ್ಲಿ ಕಣಜದ ಹಿಂಡು ಏಳುವುದುಂಟು, ಗಲಾಟೆ ಮಾಡಬೇಡಿ. ಹಿರಿಯರು ಬುಡದ ನೀರಿನ ತೋಟ, ಮ್ಯೂಸಿಯಂ ನೋಡಿ ಕೂರಲಿ. ಐದನೇ ಶತಮಾನದ ರಾಜ ಕಾಶ್ಯಪನ ಕಾಲದ ಆ ಕೊಳಗಳೇ ಒಂದು ಗಂಟೆ ಹಿಡಿಸುತ್ತವೆ. ದಂಬುಲ್ಲದಲ್ಲೂ ಮೆಟ್ಟಿಲಿದೆ. ಟಿಕೆಟ್ ಕೌಂಟರ್ ಕೆಳಗೆ, ಹತ್ತಿದ ಮೇಲೆ ನೆನಪಾದರೆ ಮತ್ತೆ ಇಳಿಯಬೇಕು. ಒಳಗೆ ಚಪ್ಪಲಿ ಇಲ್ಲ, ಬಿಸಿಲಿಗೆ ಹಳೆಯ ಸಾಕ್ಸ್ ಇರಲಿ. ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬೇಡಿ, ಅದನ್ನು ಅಲ್ಲಿ ಗಂಭೀರ ಅಪಚಾರವಾಗಿ ನೋಡುತ್ತಾರೆ.

ರೈಲು ಹತ್ತುವುದು ‘ನಾನುಓಯ’ ಎಂಬ ನಿಲ್ದಾಣದಲ್ಲಿ, ನುವಾರ ಎಲಿಯದಿಂದ ಕೆಲವೇ ಕಿ.ಮೀ. ಚಾಲಕ ಲಗೇಜ್ ಸಮೇತ ರಸ್ತೆಯಲ್ಲಿ ಬಂದು ಎಲ್ಲದಲ್ಲಿ ಕಾಯುತ್ತಾರೆ. ಕಾಯ್ದಿರಿಸಿದ ಸೀಟು 30 ದಿನ ಮೊದಲು ತೆರೆಯುತ್ತದೆ, ಬೇಗ ಮುಗಿಯುತ್ತದೆ. ಆದರೆ 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತ ಆ ಬೆಟ್ಟದ ರೈಲು ಮಾರ್ಗಕ್ಕೂ ರಸ್ತೆಗಳಿಗೂ ದೊಡ್ಡ ಪೆಟ್ಟು ಕೊಟ್ಟಿತು. ಆ ತುಂಡಿನಲ್ಲಿ ರೈಲು ಓಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಏಜೆಂಟಿಗೆ ರೈಲಿನ ದುಡ್ಡು ಕೊಡಬೇಡಿ. ಓಡದಿದ್ದರೆ ರಸ್ತೆಯಲ್ಲೇ ಎರಡು ಗಂಟೆ. ದೆಮೋದರದ ಒಂಬತ್ತು ಕಮಾನಿನ ಸೇತುವೆ ಕೆಳಗೆ ನಿಂತು ನೋಡಿದರೇ ಚೆನ್ನ, ಹತ್ತಿರದವರೆಗೆ ಟುಕ್‌ಟುಕ್ ಹೋಗುತ್ತದೆ.

---

ಮೀಟರ್_ಶೂನ್ಯ:

ಇನ್ನೊಂದು. ದಿನಾಂಕ ಗಟ್ಟಿ ಮಾಡುವ ಮೊದಲು ಹುಣ್ಣಿಮೆ ಯಾವತ್ತು ನೋಡಿ. ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ ರಜೆ. ದಳದಾ ಮಾಳಿಗಾವದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಿಮ್ಮ ಕ್ಯಾಂಡಿ ರಾತ್ರಿ ಅದೇ ದಿನ ಬಿದ್ದರೆ ಸಿಗಿರಿಯಾದ ಎರಡು ರಾತ್ರಿಯಲ್ಲಿ ಒಂದನ್ನು ಕ್ಯಾಂಡಿಗೆ ವರ್ಗಾಯಿಸಿ, ಪೂಜೆಯನ್ನು ಇನ್ನೊಂದು ಸಂಜೆಗೆ ಇಟ್ಟುಕೊಳ್ಳಿ.