ಪದ ಬೇಕಾಗಿದೆ: ರಾಕ್ ಸಂಗೀತದ ‘ಡಿಸ್ಟಾರ್ಷನ್’

ಮಾನ್ಯರೇ,

ಕೇಳುಗರೊಬ್ಬರು ರಾಕ್ ಮತ್ತು ಆಲ್ಟರ್ನೇಟಿವ್ ಆಲ್ಬಮ್‌ಗಳ ಬಗ್ಗೆ ಬರೆದಿಟ್ಟ ಅನಿಸಿಕೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಒಪ್ಪಿಸಬೇಕಾಗಿದೆ, ಗಿಟಾರಿನ ನಾದವನ್ನು ಬೇಕೆಂದೇ ಒರಟಾಗಿಸುವ ‘ಡಿಸ್ಟಾರ್ಷನ್’ ಒಂದೇ ಬಾಕಿ ಉಳಿದಿದೆ. ಮೈ ಬ್ಲಡಿ ವ್ಯಾಲೆಂಟೈನ್ ತಂಡದ ‘ಲವ್‌ಲೆಸ್’ನಲ್ಲಿ (1991) ಗಿಟಾರಿನ ಡಿಸ್ಟಾರ್ಷನ್ ಕಂಬಳಿಯಂತೆ ಹೊದ್ದುಕೊಂಡಿದ್ದು, ಹಾಡುವ ದನಿ ಅದರೊಳಗಿಂದ ಅರೆನಿದ್ದೆಯಲ್ಲಿ ಕೇಳಿಸಿದಂತಿದೆ ಎನ್ನುತ್ತಾರೆ ಈ ಲೇಖಕರು. ನಿರ್ವಾಣ ತಂಡದ ‘ಇನ್ ಯೂಟರೋ’ದಲ್ಲಿ (1993) ಅದೇ ಡಿಸ್ಟಾರ್ಷನ್ ತಗಡು ಹರಿದ ಹಾಗಿದೆಯೆಂದೂ, ಎರಡು ವರ್ಷ ಮೊದಲು ಬಂದ ‘ನೆವರ್‌ಮೈಂಡ್’ನ ನುಣುಪಿಗಿಂತ ಈ ಒರಟೇ ತಮಗೆ ಹಿಡಿಸಿತೆಂದೂ ಹೇಳುತ್ತಾರೆ. ರೇಡಿಯೊಹೆಡ್ ತಂಡದ ‘ಕಿಡ್ ಎ’ಗೆ (2000) ಬರುವ ಹೊತ್ತಿಗೆ ಗಿಟಾರು ಹಿಂದೆ ಸರಿದಿದೆ, ಗಾಯಕನ ದನಿಯೇ ಯಂತ್ರದಲ್ಲಿ ಹಾದು ರೂಪ ಬದಲಿಸಿದೆ. ಮೂರೂ ಕಡೆ ಇರುವುದು ಹೊಗಳಿಕೆ. ನಿಘಂಟನ್ನು ನಂಬಿ ‘ಗಿಟಾರಿನ ವಿಕೃತಿ ಹಿತವಾಗಿದೆ’ ಎಂದು ಬರೆದರೆ ಓದುಗರು ಲೇಖಕರನ್ನೇ ಶಂಕಿಸಿಯಾರು. ದಯವಿಟ್ಟು ಒಂದು ಪದ ಸೂಚಿಸಿ.

ಉತ್ತರ:

‘ಒಡಕುದನಿ’ ಎನ್ನಿ. ಅಚ್ಚಗನ್ನಡ ಪದ, ವಿವರಣೆ ಬೇಡ. ‘ಆಲ್ಟರ್ನೇಟಿವ್’ ಅನ್ನು ಹಾಗೆಯೇ ಏಕೆ ಬಿಟ್ಟಿದ್ದೀರಿ? ‘ಬದಲಿ’ ಎಂಬ ಸೊಗಸಾದ ಕನ್ನಡ ಪದ ಇರುವಾಗ ಕಡ ತರುವ ಚಾಳಿ ನಮಗೇಕೆ?

ಉತ್ತರ:

‘ದನಿ’ ಎಂಬುದು ‘ಧ್ವನಿ’ಯ ತದ್ಭವ, ‘ಬದಲಿ’ಯ ಮೂಲ ಅರಬ್ಬಿ. ಅಚ್ಚಗನ್ನಡದ ಲೆಕ್ಕ ಅಲ್ಲಿಗೆ ಮುಗಿಯಿತು. ಪ್ರಶ್ನೆಗೆ ಬರುವುದಾದರೆ, ಆಂಪ್ಲಿಫೈಯರಿಗೆ ಅದು ತಾಳಲಾರದಷ್ಟು ಸಂಕೇತ ಕೊಟ್ಟಾಗ ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ, ಮೂಲದಲ್ಲಿ ಇಲ್ಲದ ಸ್ವರಾಂಶಗಳು ಅದರಿಂದ ಹುಟ್ಟುತ್ತವೆ. ಅಲೆಯ ರೂಪ ಕೆಡುವುದರಿಂದ ‘ವಿರೂಪ’ವೇ ಶಾಸ್ತ್ರಶುದ್ಧವಾದ ಪದ. ಓದುಗರಿಗೆ ಅದು ಬೈಗುಳವಾಗಿ ಕೇಳಿಸಿದರೆ ದೋಷ ಪದದ್ದಲ್ಲ.

ಉತ್ತರ:

ದೋಷ ಪದದ್ದಲ್ಲದಿರಬಹುದು, ಆದರೆ ಅನುವಾದಕರು ಪಾಠಪುಸ್ತಕ ಬರೆಯುತ್ತಿಲ್ಲ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿದ್ದು ದನಿ ಕೆಡಿಸಿಕೊಳ್ಳಬೇಕೆಂದೇ. ಕೆಡುವುದೇ ಗುರಿಯಾದಲ್ಲಿ ಕೇಡನ್ನು ಸೂಚಿಸುವ ‘ವಿ’ ಉಪಸರ್ಗ ಹೊಂದುವುದಿಲ್ಲ. ತಂಬೂರಿಯ ಕುದುರೆಯ (ತಂತಿಗಳನ್ನು ಹೊರುವ ಸೇತುವೆಯ) ಮೇಲೆ ತಂತಿಯಡಿ ನೂಲೆಳೆ ಸಿಕ್ಕಿಸಿ, ಶುದ್ಧವಾಗಿ ಮಿಡಿಯಬಹುದಾಗಿದ್ದ ತಂತಿಯನ್ನು ಬೇಕೆಂದೇ ಜುಮ್ಮೆನಿಸುತ್ತೇವೆ. ಆ ನೂಲಿಗೆ ನಮ್ಮವರು ‘ಜೀವ’ ಎಂದು ಹೆಸರಿಟ್ಟರು, ವಿಕೃತಿ ಎನ್ನಲಿಲ್ಲ. ನನ್ನ ಸೂಚನೆ ‘ಮೊರೆತ’. ತುಂಬಿಯೂ ಮೊರೆಯುತ್ತದೆ, ಕಡಲೂ ಮೊರೆಯುತ್ತದೆ. ಆದ್ದರಿಂದ ‘ಲವ್‌ಲೆಸ್’ನ ಕಂಬಳಿಗೂ ‘ಇನ್ ಯೂಟರೋ’ದ ತಗಡಿಗೂ ಅದೊಂದೇ ಸಾಕು.

ಉತ್ತರ:

ಹಳಗನ್ನಡ ಕವಿ ಆಂಡಯ್ಯ ತತ್ಸಮಗಳನ್ನು (ರೂಪ ಬದಲಾಗದೆ ಬಂದ ಸಂಸ್ಕೃತ ಪದಗಳನ್ನು) ದೂರವಿಟ್ಟು ಇಡೀ ‘ಕಬ್ಬಿಗರ ಕಾವ’ ಬರೆದಾಗಲೂ ತದ್ಭವಗಳನ್ನು ಬಿಡಲಿಲ್ಲ. ವ್ಯಾಕರಣಕಾರ ಕೇಶಿರಾಜ ಅವುಗಳಿಗೆಂದೇ ಅಪಭ್ರಂಶ ಪ್ರಕರಣ ಬರೆದ. ಆದ್ದರಿಂದ ‘ದನಿ’ ನಮ್ಮದು. ‘ಬದಲಿ’ಯ ವಿಷಯದಲ್ಲಿ ಎಡವಿದ್ದು ನಿಜ, ಅದನ್ನು ಹಿಂದಕ್ಕೆ ಪಡೆಯುತ್ತೇನೆ. ‘ಮೊರೆತ’ ಒಪ್ಪಲಾಗದು: ಕನ್ನಡದಲ್ಲಿ ಮೊರೆ ಇಡುತ್ತಾರೆ, ಮೊರೆ ಹೋಗುತ್ತಾರೆ, ಗಿಟಾರು ಯಾರ ಮೊರೆ ಹೋಗಬೇಕು?

ಉತ್ತರ:

‘ಕಡಲ ಮೊರೆತ’ ಓದಿದ ಯಾರೂ ಕಡಲು ಅರ್ಜಿ ಹಾಕಿತೆಂದು ತಿಳಿದಿಲ್ಲ. ಅರಬ್ಬಿಯಿಂದ ಬಂದ ‘ಬದಲಿ’ಯನ್ನು ಗುರುತು ಹಿಡಿಯಲಾಗದಷ್ಟು ಒಳಗೆ ಬಿಟ್ಟುಕೊಂಡ ನುಡಿಗೆ ‘ಡಿಸ್ಟಾರ್ಷನ್’ ಭಾರವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ‘ಆಲ್ಟರ್ನೇಟಿವ್’ ಒಂದು ಪ್ರಕಾರದ ಹೆಸರು, ಅದನ್ನು ಮುಟ್ಟಬೇಡಿ. ‘ಪರ್ಯಾಯ’ ಎಂದಿರೋ, ವ್ಯಾಕರಣ ಓದಿದವರು ಪರ್ಯಾಯ ಪದವನ್ನು, ಅಂದರೆ ಸಮಾನಾರ್ಥಕ ಪದವನ್ನು, ನೆನೆದು ಎರಡೂ ಒಂದೇ ಎಂದುಕೊಳ್ಳುತ್ತಾರೆ. ನೀವು ಹೇಳಹೊರಟದ್ದು ಬೇರೆ ಎಂದು. ರಾಕ್ ಅನ್ನು ‘ಬಂಡೆ’ ಮಾಡುವ ಸಲಹೆ ಇನ್ನೂ ಬಂದಿಲ್ಲವೆಂಬುದೇ ಸಮಾಧಾನ.

ಉತ್ತರ:

ವ್ಯಂಗ್ಯ ವಾದವಲ್ಲ. ಕಡ ತಂದದ್ದು ಬಳಕೆಯಿಂದ ಒಗ್ಗಬೇಕು, ಅನುವಾದಕರ ಅವಸರದಿಂದಲ್ಲ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. ಅವಸರ ನನ್ನದೇ, ಒಪ್ಪಿಕೊಂಡೆ. ಸೂಚಿಸಿದ ಪದಗಳನ್ನು ವಾಕ್ಯದಲ್ಲಿಟ್ಟು ಗಟ್ಟಿಯಾಗಿ ಓದಿ ನೋಡಿದೆ. ‘ಒಡಕುದನಿ’ ಹಾಡುವವನ ಗಂಟಲು ಕೆಟ್ಟಂತೆ ಕೇಳಿಸಿತು, ಗಿಟಾರು ನೆನಪಾಗಲಿಲ್ಲ. ‘ಲವ್‌ಲೆಸ್’ ಭಾಗ ಈಗ ಹೀಗಿದೆ: ‘ಗಿಟಾರುಗಳ ಮೊರೆತ ಕಂಬಳಿಯಂತೆ ಹೊದ್ದುಕೊಂಡಿದೆ, ಹಾಡು ಅದರೊಳಗೆ ಅರೆನಿದ್ದೆಯಲ್ಲಿದೆ.’ ‘ಇನ್ ಯೂಟರೋ’ಗೆ ‘ಹರಕು ಮೊರೆತ’ ಎಂದು ಒಂದು ವಿಶೇಷಣ ಸೇರಿಸಿದ್ದೇನೆ. ‘ಕಿಡ್ ಎ’ಯ ದನಿಗೆ ಮಾತ್ರ ಮೊರೆತ ಹೊಂದಲಿಲ್ಲ, ಅಲ್ಲಿ ‘ರೂಪ ಬದಲಿಸಿದ ದನಿ’ ಎಂದು ಬಿಡಿಸಿ ಬರೆದೆ. ಉಪಕರಣದ ಹೆಸರು ಬಂದ ಒಂದು ಕಡೆ ‘ಡಿಸ್ಟಾರ್ಷನ್ ಪೆಡಲ್’ ಹಾಗೆಯೇ ಉಳಿದಿದೆ. ಆ ‘ಬದಲಿಸಿದ’ ಎಂಬುದೂ ಅರಬ್ಬಿಯೇ ಎಂದು ಈಗಷ್ಟೇ ಹೊಳೆಯಿತು, ಇರಲಿ, ತಿದ್ದುವುದಿಲ್ಲ.