ಗ್ರೇಸ್ ಡಾರ್ಲಿಂಗ್ ತೊಟ್ಟ ಉಡುಪಿನ ತುಣುಕು: ನಂಬುವುದು ಹೇಗೆ?

ಪ್ರಶ್ನೆ

1838ರ ಸೆಪ್ಟೆಂಬರ್ 7ರಂದು ಇಂಗ್ಲೆಂಡಿನ ಫಾರ್ನ್ ದ್ವೀಪಗಳ ಬಳಿ ‘ಫಾರ್ಫರ್‌ಶೈರ್’ ಎಂಬ ಉಗಿಹಡಗು ಬಂಡೆಗೆ ಬಡಿದು ಒಡೆದಾಗ, ಲಾಂಗ್‌ಸ್ಟೋನ್ ದೀಪಸ್ತಂಭದ ಪಾಲಕರ ಮಗಳು ಗ್ರೇಸ್ ಡಾರ್ಲಿಂಗ್ ತಂದೆಯೊಡನೆ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗಿ ಒಂಬತ್ತು ಜನರ ರಕ್ಷಣೆಗೆ ನೆರವಾದರು. ಅವರು ಅಂದು ತೊಟ್ಟಿದ್ದ ಉಡುಪಿನದೆಂದು ಹೇಳಲಾಗುವ, ನೇರಳೆ ಗೆರೆಗಳುಳ್ಳ ಎರಡು ಬೆರಳಗಲದ ಬಟ್ಟೆಯೊಂದು ಹರಾಜಿಗೆ ಬಂದಿದೆ. ಅದನ್ನು ಅಂಟಿಸಿರುವ ಚೀಟಿಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಶಾಯಿಯಿಂದ ಅವರ ಹೆಸರಿದೆ. ಕೊಳ್ಳುವ ಮುನ್ನ ಕಾರ್ಬನ್ ಕಾಲನಿರ್ಣಯ (ವಸ್ತುವಿನಲ್ಲಿನ ಇಂಗಾಲವನ್ನು ಅಳೆದು ಅದರ ವಯಸ್ಸು ಅಂದಾಜಿಸುವ ಪರೀಕ್ಷೆ) ಮಾಡಿಸಿದರೆ ಸಾಕಾಗುವುದೇ?

ಮೊದಲ ಉತ್ತರ

ಕಾರ್ಬನ್ ಪರೀಕ್ಷೆ ಇಲ್ಲಿ ನೆರವಾಗದು. ಹದಿನೇಳನೆಯ ಶತಮಾನದ ನಡುಭಾಗದಿಂದ ಈಚಿನ ವಸ್ತುಗಳಿಗೆ ಅದು ಕೊಡುವ ಕಾಲಾವಧಿ ಎಷ್ಟು ವಿಶಾಲವೆಂದರೆ 1838ನ್ನೂ 1900ನ್ನೂ ಬೇರ್ಪಡಿಸುವುದು ಕಷ್ಟ. ಜೊತೆಗೆ ಪರೀಕ್ಷೆಗೆ ಕೊಟ್ಟಷ್ಟು ಬಟ್ಟೆ ನಾಶವಾಗುತ್ತದೆ. ಬಣ್ಣವನ್ನು ಪರೀಕ್ಷಿಸಿ. ರಸಾಯನಶಾಸ್ತ್ರಜ್ಞ ವಿಲಿಯಂ ಪರ್ಕಿನ್ ಅನಿಲಿನ್ ಎಂಬ ರಾಸಾಯನಿಕದಿಂದ ಮಾಡುವ ಕೃತಕ ನೇರಳೆ ಬಣ್ಣವನ್ನು ಕಂಡುಹಿಡಿದದ್ದು 1856ರಲ್ಲಿ, ಗ್ರೇಸ್ ಕ್ಷಯದಿಂದ ತೀರಿಕೊಂಡದ್ದು 1842ರಲ್ಲಿ, ಇನ್ನೂ ಇಪ್ಪತ್ತಾರರ ಪ್ರಾಯದಲ್ಲಿ. ಆ ಗೆರೆಗಳಲ್ಲಿ ಅನಿಲಿನ್ ಬಣ್ಣ ಕಂಡುಬಂದರೆ ಮಾತು ಅಲ್ಲಿಗೇ ಮುಗಿಯಿತು. ಅಂಚಿನಲ್ಲಿ ಹೊಲಿಗೆಯೇನಾದರೂ ಉಳಿದಿದ್ದರೆ ಭೂತಗನ್ನಡಿಯಲ್ಲಿ ನೋಡಿ: ಮೇಲೊಂದು ಕೆಳಗೊಂದು ನೂಲು ಸಮಾನ ಅಂತರದಲ್ಲಿ ಸಿಕ್ಕಿಕೊಂಡ ಯಂತ್ರದ ಹೊಲಿಗೆ 1850ರ ದಶಕದ ನಂತರವೇ ಬಳಕೆಗೆ ವ್ಯಾಪಕವಾಗಿ ಬಂದದ್ದು.

ಎರಡನೆಯ ಉತ್ತರ

ಮೇಲಿನ ಪರೀಕ್ಷೆಗಳು ಸುಳ್ಳನ್ನು ಬಯಲಿಗೆಳೆಯಬಲ್ಲವು, ಆದರೆ ಆ ಕಾಲದ್ದೇ ಆದ ಬಟ್ಟೆ ಗ್ರೇಸ್ ಅವರದೇ ಎಂದು ಸಾಧಿಸಲಾರವು. ಪತ್ರಿಕೆಗಳು ಅವರನ್ನು ಕೊಂಡಾಡಿದ ಮೇಲೆ ಅಪರಿಚಿತರು ಅವರ ಕೂದಲೆಳೆಗಳನ್ನೂ ಉಡುಪಿನ ಚೂರುಗಳನ್ನೂ ಬೇಡಿ ಪತ್ರ ಬರೆಯುತ್ತಿದ್ದರು. ಹಾಗಾಗಿ ನಿಜವಾದ ತುಣುಕುಗಳು ಉಳಿದಿರುವುದು ಸಾಧ್ಯ. ಇಷ್ಟೊಂದು ಬೇಡಿಕೆಯಿದ್ದಲ್ಲಿ ನಕಲಿಗಳು ಹುಟ್ಟಿಕೊಳ್ಳುವುದೂ ಅಷ್ಟೇ ಸಹಜ. ನನ್ನ ದೃಷ್ಟಿಯಲ್ಲಿ ಬಟ್ಟೆಗಿಂತ ಅದರ ಜೊತೆಗಿನ ಕಾಗದಪತ್ರವೇ ಮುಖ್ಯ. ಯಾರಿಗೆ, ಯಾವಾಗ ಕಳುಹಿಸಲಾಯಿತು, ಅನಂತರ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನು ಮಾರುವವರಿಂದ ಕೇಳಿ ಪಡೆಯಿರಿ. ಬರಿಯ ಹೆಸರಿರುವ ಚೀಟಿಯನ್ನು ನಂಬಿ ನಾನಂತೂ ಹಣ ಕೊಡಲಾರೆ. ಬ್ಯಾಂಬರೋ ಊರಿನಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ; ಚೀಟಿಯ ಛಾಯಾಚಿತ್ರ ಕಳುಹಿಸಿ ವಿಚಾರಿಸಬಹುದು.

ಮೂರನೆಯ ಉತ್ತರ

ಕೊಳ್ಳುವುದೇ ಆದರೆ ದಯವಿಟ್ಟು ಬಟ್ಟೆಯನ್ನು ತೊಳೆಯಬೇಡಿ, ಚೀಟಿಯಿಂದ ಕೀಳಲೂ ಹೋಗಬೇಡಿ. ಕಂದಾಗಿರುವ ಶಾಯಿ ಕಬ್ಬಿಣ ಬೆರೆಸಿದ ಹಳೆಯ ಬಗೆಯದಾಗಿದ್ದರೆ ಅದರ ಆಮ್ಲ ಕಾಗದವನ್ನೂ ಅದಕ್ಕಂಟಿದ ನೂಲನ್ನೂ ತಿನ್ನುತ್ತದೆ, ತೇವ ತಗುಲಿದರೆ ಹಾನಿ ಇನ್ನೂ ಬೇಗ ಹರಡುತ್ತದೆ. ಅಂಟು ಬಿಡಿಸುವ ಕೆಲಸವನ್ನು ಜವಳಿ ಸಂರಕ್ಷಣಾ ತಜ್ಞರಿಗೆ ಒಪ್ಪಿಸಿ; ಅಲ್ಲಿಯವರೆಗೆ ಆಮ್ಲರಹಿತ ಕಾಗದದ ನಡುವೆ, ಬೆಳಕು ಬೀಳದ ಪೆಟ್ಟಿಗೆಯಲ್ಲಿ ಮಡಿಸದೆ ಇಡಿ.